ಕಾಲು ಕಟ್ಟಿದವರು ಯಾರು?

‘ರುಬ್ಬುವ ಕಲ್ಲು ಮೂಲೆ ಸೇರಿತು, ಹೆಣ್ಣುಮಕ್ಕಳ ಮೈಗೆ ಬೊಜ್ಜು ಬಂತು’ – ಈ ಮಾತನ್ನು ನಾನು ಎಷ್ಟು ಸಭೆಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಮಹಿಳಾ ದಿನಾಚರಣೆಯಾದರೂ ಸರಿ, ಆರೋಗ್ಯ ಶಿಬಿರದ ಉದ್ಘಾಟನೆಯಾದರೂ ಸರಿ, ಕೊರಳಿಗೆ ಹಾರ ಬಿದ್ದ ಮಹನೀಯರು ಮೈಕಿನ ಮುಂದೆ ಇದನ್ನು ಹೇಳದೆ ಕೆಳಗಿಳಿಯುವುದಿಲ್ಲ. ನಮ್ಮ ಅಜ್ಜಿಯಂದಿರು ಬೀಸುತ್ತಿದ್ದರು, ಕುಟ್ಟುತ್ತಿದ್ದರು, ಬಾವಿಯಿಂದ ನೀರು ಸೇದುತ್ತಿದ್ದರು. ಈಗಿನವರಿಗೆ ಮಿಕ್ಸಿ ಬಂತು, ಗ್ಯಾಸು ಬಂತು, ಅದರ ಮೇಲೆ ಸ್ವಾತಂತ್ರ್ಯವೂ ಬಂತು. ಇನ್ನು ಮೈ ಬೆಳೆಯದೆ ಏನಾದೀತು? ಸಭೆಯಲ್ಲಿ ಕೂತ ನಾವೂ ಸೆರಗು ಬಾಯಿಗೆ ಹಿಡಿದು ನಗುತ್ತೇವೆ. ನಗುವವರಲ್ಲಿ ಅರ್ಧಕ್ಕರ್ಧ ಜನ ಆ ಹೊತ್ತಿಗೆ ಮಂಡಿನೋವಿಗೆ ಕಾಲು ಚಾಚಲು ಜಾಗ ಹುಡುಕುತ್ತಿರುತ್ತಾರೆ.

ನನಗೆ ಈಗ ಆ ಮಾತಿಗೆ ನಗು ಬರುವುದಿಲ್ಲ. ಹೇಳಿದ ಮಹನೀಯರ ತಾತಂದಿರೂ ನೇಗಿಲು ಹಿಡಿದವರೇ, ಸಂತೆಗೆ ಹತ್ತು ಮೈಲಿ ನಡೆದವರೇ. ಮೊಮ್ಮಗ ಬೀದಿ ಕೊನೆಯ ಅಂಗಡಿಗೆ ಹೋಗಲು ಸ್ಕೂಟರ್ ಹತ್ತುತ್ತಾನೆ. ಆದರೂ ‘ನೇಗಿಲು ಬಿಟ್ಟಿರಿ, ಅದಕ್ಕೇ ಹೊಟ್ಟೆ ಬಂತು, ಹೋಗಿ ಉಳುಮೆ ಮಾಡಿ’ ಎಂದು ಗಂಡಸರಿಗೆ ಯಾವ ವೇದಿಕೆಯ ಮೇಲಿನಿಂದಲೂ ಬುದ್ಧಿ ಹೇಳಿದ್ದನ್ನು ನಾನು ಕೇಳಿಲ್ಲ. ಗಂಡಸಿನ ಹೊಟ್ಟೆ ನಮ್ಮಲ್ಲಿ ಅನುಕೂಲಸ್ಥನ ಲಕ್ಷಣ. ಹೆಂಗಸಿನದು ಸೋಮಾರಿಯ ಲಕ್ಷಣ.

ಇರಲಿ, ಲೆಕ್ಕವನ್ನೇ ನೋಡೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಎತ್ತರಕ್ಕೆ ತಕ್ಕ ತೂಕವನ್ನು ಮೀರಿದ ಹೆಂಗಸರು 2005-06ರಲ್ಲಿ ನಮ್ಮ ದೇಶದಲ್ಲಿ ನೂರಕ್ಕೆ 12.6 ಇದ್ದರು. 2019-21ರ ಹೊತ್ತಿಗೆ ಅದು 24 ಆಯಿತು. ಪಟ್ಟಣಗಳಲ್ಲಿ 33, ಅಂದರೆ ಮೂವರಲ್ಲಿ ಒಬ್ಬಳು. ಹೊರಗಿನ ನೌಕರಿಯಿಂದಲೂ ಸ್ವಾತಂತ್ರ್ಯದಿಂದಲೂ ಬೊಜ್ಜು ಬಂತು ಎನ್ನುವುದಾದರೆ ಈ ಹದಿನೈದು ವರ್ಷಗಳಲ್ಲಿ ದುಡಿಯುವ ಹೆಂಗಸರ ಪ್ರಮಾಣವೂ ಏರಬೇಕಿತ್ತಲ್ಲವೆ? ಆದದ್ದು ತದ್ವಿರುದ್ಧ. ಸರಕಾರದ್ದೇ ಸಮೀಕ್ಷೆಗಳಲ್ಲಿ, ಹದಿನೈದು ದಾಟಿದ ಹೆಂಗಸರಲ್ಲಿ ದುಡಿಮೆಗೆ ಇಳಿದವರು 2004-05ರಲ್ಲಿ ನೂರಕ್ಕೆ ಸುಮಾರು 43. 2017-18ಕ್ಕೆ ಅದು 23ಕ್ಕೆ ಕುಸಿಯಿತು. ಆಮೇಲೆ ಅಂಕಿ ಮತ್ತೆ ಏರಿದೆ, ನಿಜ. ಆ ಏರಿಕೆಯ ದೊಡ್ಡ ಪಾಲು ಹಳ್ಳಿಗಳಲ್ಲಿ, ಮನೆಯದೇ ಹೊಲ, ಮನೆಯದೇ ಕಸುಬು. ಪಟ್ಟಣಗಳಲ್ಲಿ 2023-24ರಲ್ಲೂ ನೂರಕ್ಕೆ 28 ಮಾತ್ರ. ಹೆಂಗಸರು ಹೊಸ್ತಿಲು ದಾಟಿ ಹೋದದ್ದರಿಂದ ದಪ್ಪಗಾದರು ಎಂಬ ಕಥೆಗೆ ಈ ಲೆಕ್ಕದಲ್ಲಿ ಎಲ್ಲಿಯೂ ಜಾಗವಿಲ್ಲ. ಅವರು ಹೊಸ್ತಿಲೊಳಗೆ ಹಿಂದಿರುಗಿದ ವರ್ಷಗಳಲ್ಲೇ ತೂಕ ಮೀರಿದವರ ಪ್ರಮಾಣ ಇಮ್ಮಡಿಗೆ ಹತ್ತಿರವಾಯಿತು.

ನಾನು ಹೇಳಹೊರಟಿರುವುದು ಇದು: ಮನೆಗೆ ಹಣ ಮೊದಲು ಬಂದು, ಹೆಂಗಸಿಗೆ ಸ್ವಾತಂತ್ರ್ಯ ಹಿಂದೆ ಉಳಿದ ಕಡೆಗಳಲ್ಲಿ ಹೆಂಗಸು ಗಂಡಸಿಗಿಂತ ಬಹಳ ಹೆಚ್ಚು ದಪ್ಪಗಾಗುತ್ತಾಳೆ. ಅವಳ ನಾಲಗೆಯನ್ನು ಬೈಯುವ ಮೊದಲು ಅವಳ ಕಾಲು ಎಲ್ಲಿ ಕಟ್ಟಿಹಾಕಿದೆ ಎಂದು ನೋಡಬೇಕು.

ಪ್ರಕೃತಿಯೇ ಹೆಣ್ಣಿನ ಮೈಗೆ ಕೊಬ್ಬನ್ನು ಸ್ವಲ್ಪ ಹೆಚ್ಚಾಗಿ ಕೊಟ್ಟಿದೆ, ಹೆರುವವಳಿಗೆ ಅದು ಬೇಕು ಎನ್ನುತ್ತಾರೆ ವೈದ್ಯರು. ಸರಿಯೇ. 2022ರ ಲೆಕ್ಕದಲ್ಲಿ ಜಗತ್ತಿನ ವಯಸ್ಕ ಹೆಂಗಸರಲ್ಲಿ ಬೊಜ್ಜಿನವರು ನೂರಕ್ಕೆ 18.5, ಗಂಡಸರಲ್ಲಿ 14. ಆದರೆ ಪ್ರಕೃತಿ ಸ್ವೀಡನ್ನಿನ ಹೆಣ್ಣಿಗೂ ಈಜಿಪ್ತಿನ ಹೆಣ್ಣಿಗೂ ಒಂದೇ ಅಲ್ಲವೆ? ಪಶ್ಚಿಮ ಯುರೋಪಿನ ಎಷ್ಟೋ ದೇಶಗಳಲ್ಲಿ ಗಂಡು ಹೆಣ್ಣು ಈ ವಿಷಯದಲ್ಲಿ ಹೆಚ್ಚುಕಡಿಮೆ ಸರಿಸಮ. ಅರಬ್ ದೇಶಗಳಿಗೆ, ಆಫ್ರಿಕದ ತುದಿಗೆ ಬನ್ನಿ, ಅಂತರ ಬಾಯಿ ತೆರೆಯುತ್ತದೆ. 2012ರಲ್ಲಿ ಲಂಡನ್ನಿನ ಜೊನಾಥನ್ ವೆಲ್ಸ್ ಮತ್ತು ಸಂಗಡಿಗರು ಹಲವಾರು ದೇಶಗಳ ಅಂಕಿಗಳನ್ನು ಒಟ್ಟಿಗಿಟ್ಟು ನೋಡಿ, ಹೆಂಗಸರಲ್ಲಿ ಕಾಣುವ ಈ ಹೆಚ್ಚುವರಿ ಬೊಜ್ಜಿಗೂ ಆಯಾ ದೇಶದ ಗಂಡು-ಹೆಣ್ಣಿನ ಅಸಮಾನತೆಗೂ ನಂಟಿದೆ ಎಂದು ತೋರಿಸಿದರು.

ಸೌದಿ ಅರೇಬಿಯಾವನ್ನೇ ನೋಡಿ. 1973ರಲ್ಲಿ ತೈಲದ ಬೆಲೆ ಹಾರಿದ ಮೇಲೆ ಅಲ್ಲಿನ ಮನೆಗಳಿಗೆ ಬಂದ ಹಣ ನಮ್ಮ ಕಲ್ಪನೆಗೂ ಮೀರಿದ್ದು. ಹವಾನಿಯಂತ್ರಿತ ಮನೆ, ಕಾರು, ಕಾರಿಗೆ ಹೊರದೇಶದ ಡ್ರೈವರು, ಅಡಿಗೆಗೆ ಹೊರದೇಶದ ಕೆಲಸದವಳು. ಅನ್ನ, ಮಾಂಸ, ಖರ್ಜೂರ, ತಂಪು ಪಾನೀಯ ಯಾವುದಕ್ಕೂ ಕೊರತೆಯಿಲ್ಲ. ಹೆಣ್ಣಿಗೆ ಮಾತ್ರ ಬೀದಿಯಿಲ್ಲ. ಗಂಡು ಹುಡುಗರಿಗೆ ಶಾಲೆಯಲ್ಲಿ ಆಟದ ಪಿರಿಯಡ್ಡಿತ್ತು, ಹುಡುಗಿಯರ ಸರಕಾರಿ ಶಾಲೆಗಳಲ್ಲಿ ಇರಲಿಲ್ಲ. 2009-10ರ ಸುಮಾರಿಗೆ ಹೆಂಗಸರ ಖಾಸಗಿ ವ್ಯಾಯಾಮಶಾಲೆಗಳನ್ನು ಪರವಾನಗಿ ಇಲ್ಲವೆಂದು ಮುಚ್ಚಿಸಿದರು. ಪರವಾನಗಿ ಕೊಡುವ ಕ್ರಮವೇ ಇರಲಿಲ್ಲವೆನ್ನುವುದು ಬೇರೆ ಮಾತು. ಹುಡುಗಿಯರನ್ನು ಆಟಕ್ಕೆ ಬಿಡುವುದು ಸೈತಾನನ ಹೆಜ್ಜೆ ಹಿಡಿದಂತೆ ಎಂದು ಒಬ್ಬ ಧರ್ಮಗುರು ಹೇಳಿದ್ದರಂತೆ. ಅದೇ ಮಾತನ್ನು ‘ಸೈತಾನನ ಹೆಜ್ಜೆಗಳು’ ಎಂದು ತಲೆಬರಹ ಮಾಡಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2012ರಲ್ಲಿ ಒಂದು ವರದಿಯನ್ನೇ ಪ್ರಕಟಿಸಿತು. ಆ ವರ್ಷ ಲಂಡನ್ ಒಲಿಂಪಿಕ್ಸಿಗೆ ಸೌದಿ ಮೊದಲ ಬಾರಿಗೆ ಹೆಣ್ಣುಮಕ್ಕಳನ್ನು ಕಳಿಸಿತು, ಇಬ್ಬರೇ ಇಬ್ಬರನ್ನು. 2013ರಲ್ಲಿ ಹೆಂಗಸರು ಸೈಕಲ್ ತುಳಿಯಬಹುದೆಂದಾಯಿತು: ಮೈತುಂಬ ಮುಚ್ಚಿಕೊಂಡು, ಮನೆಯ ಗಂಡಸನ್ನು ಜೊತೆಗಿಟ್ಟುಕೊಂಡು, ವಿಹಾರದ ಜಾಗಗಳಲ್ಲಿ ಮಾತ್ರ. ತುಳಿದುಕೊಂಡು ಎಲ್ಲಿಗಾದರೂ ಹೋಗುವುದಕ್ಕಲ್ಲ!

ಅದೇ 2013ರಲ್ಲಿ ಅಲ್ಲಿ ನಡೆದ ಆರೋಗ್ಯ ಸಮೀಕ್ಷೆಯಲ್ಲಿ ಬೊಜ್ಜಿನ ಗಂಡಸರು ನೂರಕ್ಕೆ 24, ಹೆಂಗಸರು 33.5. ತಿನ್ನುವುದು ಒಂದೇ ತಟ್ಟೆ, ಬಿಸಿಲೂ ಒಂದೇ. ಅವನು ಎಲ್ಲಿಗೆ ಬೇಕಾದರೂ ಎದ್ದು ಹೋಗಬಲ್ಲ, ಅವಳು ಹೋಗಲಾರಳು.

ಇದು ಅರಬರ ರಕ್ತದ ಗುಣ ಎನ್ನುವವರಿಗೆ ನಮ್ಮ ಓರಗಿತ್ತಿಯನ್ನು ತೋರಿಸುತ್ತೇನೆ. ಕರಾವಳಿಯ ಬೇರೆಷ್ಟೋ ಹೆಣ್ಣುಮಕ್ಕಳ ಹಾಗೆ ದಾದಿಯಾಗಿ ರಿಯಾದಿಗೆ ಹೋದವಳು. ಊರಿನಲ್ಲಿ ಬಸ್‌ಸ್ಟಾಪಿಗೆ ದಿನಾ ಎರಡು ಮೈಲಿ ಗುಡ್ಡ ಹತ್ತಿ ಇಳಿಯುತ್ತಿದ್ದವಳು, ಕಡ್ಡಿಯಂತಿದ್ದಳು. ಅಲ್ಲಿ ಹಾಸ್ಟೆಲಿನ ಬಾಗಿಲಿಂದ ಆಸ್ಪತ್ರೆಯ ಬಾಗಿಲಿಗೆ ಬಸ್ಸು, ವಾರಕ್ಕೊಮ್ಮೆ ಅಂಗಡಿಗೆ ಬಸ್ಸು, ಉಳಿದಂತೆ ಗೇಟಿಗೆ ಬೀಗ. ಮೂರು ವರ್ಷಕ್ಕೆ ರಜೆಯಲ್ಲಿ ಬಂದಾಗ ಹದಿನಾಲ್ಕು ಕಿಲೋ ಹೆಚ್ಚಾಗಿದ್ದಳು. “ಅಕ್ಕಾ, ನಾನೇನು ಜಾಸ್ತಿ ಉಣ್ಣಲಿಲ್ಲ. ನಡೆಯುವುದನ್ನು ಮರೆತುಬಿಟ್ಟೆ ಅಷ್ಟೆ” ಎಂದಿದ್ದಳು. ನಾವು ಆಗ ‘ಗಲ್ಫ್ ನೀರು ಹಿಡಿಸಿದೆ’ ಎಂದು ಖುಷಿಪಟ್ಟೆವು, ಅದು ಬೇರೆ.

ಸೌದಿಯಲ್ಲಿ ಆಮೇಲೆ ಬಾಗಿಲುಗಳು ತೆರೆದಿವೆ. 2017ರಲ್ಲಿ ಹೆಂಗಸರ ವ್ಯಾಯಾಮಶಾಲೆಗೆ ಪರವಾನಗಿ, ಸರಕಾರಿ ಶಾಲೆಯ ಹುಡುಗಿಯರಿಗೆ ದೈಹಿಕ ಶಿಕ್ಷಣ, 2018ರ ಜೂನಿನಲ್ಲಿ ಕಾರು ಓಡಿಸುವ ಹಕ್ಕು. ಕಾರಿನ ಹಕ್ಕು ಕೇಳಿದ್ದ ಲುಜೈನ್ ಅಲ್ ಹಥ್ಲೂಲ್ ಎಂಬಾಕೆಯನ್ನು ಆ ಹಕ್ಕು ಸಿಗುವುದಕ್ಕೆ ಕೆಲವೇ ವಾರ ಮುಂಚೆ ಜೈಲಿಗೆ ಹಾಕಿದರು. ಹೊರಗೆ ಬಿಟ್ಟಿದ್ದು 2021ರಲ್ಲಿ. ದೊರೆ ಕೊಟ್ಟರೆ ವರ, ಹೆಣ್ಣು ಕೇಳಿದರೆ ಅಪರಾಧ. ಏನೇ ಆಗಲಿ, ಎರಡು ತಲೆಮಾರು ಕೂಡಿಸಿ ಇರಿಸಿದ ಮೈ ಒಂದು ಆಜ್ಞೆಯಿಂದ ಕರಗುವುದಿಲ್ಲ.

ಕೂಡಿಸಿ ಇಡುವುದೇ ಸೌಭಾಗ್ಯವೆಂದು ನಂಬಿದ ನಾಡೂ ಇದೆ. ಸಹಾರಾದ ಅಂಚಿನ ಮಾರಿಟೇನಿಯದಲ್ಲಿ ‘ಲೆಬ್ಲೂಹ್’ ಎಂಬ ಪದ್ಧತಿ. ಪುಟ್ಟ ಹುಡುಗಿಯರಿಗೆ ಒಂಟೆಯ ಹಾಲನ್ನು ಬೋಗುಣಿಗಟ್ಟಲೆ ಕುಡಿಸಿ, ಬೇಡವೆಂದರೆ ಕಾಲ್ಬೆರಳುಗಳನ್ನು ಕಡ್ಡಿಗಳ ನಡುವೆ ಇಟ್ಟು ಹಿಂಡಿ, ಮದುವೆಗೆಂದು ದಪ್ಪ ಮಾಡುತ್ತಿದ್ದರು. ಹಳ್ಳಿಗಾಡಿನಲ್ಲಿ ಅದು ಪೂರ್ತಿ ಹೋಗಿಲ್ಲ. ಕಾನೂನಿನಲ್ಲಿ 1981ರ ತನಕ ಗುಲಾಮಗಿರಿ ಉಳಿದಿದ್ದ ದೇಶ ಅದು. ಎದ್ದು ದುಡಿಯುವವಳು ಗುಲಾಮಳು, ಏಳಲಾರದವಳು ಒಡತಿ. ಆ ಒಡತಿಯ ಒಡೆತನ ಎಂಥದ್ದೆಂದು ನೀವೇ ಯೋಚಿಸಿ.

ದಕ್ಷಿಣ ಆಫ್ರಿಕದ ಕಥೆ ಇನ್ನೂ ತೊಡಕಿನದು, ಏಕೆಂದರೆ ಅಲ್ಲಿ ದಪ್ಪಗಿರುವವರಲ್ಲಿ ಬಡವರೂ ಇದ್ದಾರೆ. 2016ರ ಸಮೀಕ್ಷೆಯಲ್ಲಿ ಅಲ್ಲಿನ ಹೆಂಗಸರಲ್ಲಿ ನೂರಕ್ಕೆ 68 ಮಂದಿ ಅತಿತೂಕದವರು ಅಥವಾ ಬೊಜ್ಜಿನವರು, ಗಂಡಸರಲ್ಲಿ 31. ಒಂದೇ ಸೂರಿನಡಿ ಇಷ್ಟು ಅಂತರ! ಕೇಪ್‌ಟೌನಿನ ಹೊರಗೆ ಖಯೆಲಿತ್ಸಾ ಎಂಬ ಕಪ್ಪು ಜನರ ಬಡಾವಣೆ ಇದೆ, ವರ್ಣಭೇದದ ಸರಕಾರ ಮರಳುಗಾಡಿನಂಥ ಜಾಗದಲ್ಲಿ ಕಟ್ಟಿದ್ದು. ಅಲ್ಲಿನ ಕುಟುಂಬಗಳನ್ನು ಅಭ್ಯಾಸ ಮಾಡಿದ ಆನ್ ಕೇಸ್, ಅಲಿಸಿಯಾ ಮೆನೆಂಡೆಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು 2009ರಲ್ಲಿ ಬರೆದದ್ದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಬಾಲ್ಯದಲ್ಲಿ ಹಸಿದು ಬೆಳೆದ ಹೆಣ್ಣುಮಕ್ಕಳು ದೊಡ್ಡವರಾದ ಮೇಲೆ ಬೊಜ್ಜಿಗೆ ಹೆಚ್ಚು ಬೀಳುತ್ತಾರೆ. ಹಸಿದು ಬೆಳೆದ ಗಂಡುಮಕ್ಕಳಿಗೆ ಹಾಗಾಗುವುದಿಲ್ಲ. ಹಸಿವನ್ನು ಕಂಡ ಹೆಣ್ಣುಮೈ, ಮುಂದೆ ಕೈಗೆ ನಾಲ್ಕು ಕಾಸು ಬಂದಾಗ, ಬಂದದ್ದನ್ನೆಲ್ಲ ಕೂಡಿಡುತ್ತದೆ. ಅವಳಿಗೆ ಸಿಗುವುದಾದರೂ ಏನು? ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಸಕ್ಕರೆ, ಕರಿದ ಹಿಟ್ಟು. ಹೊರಗೆ ನಡೆಯೋಣವೆಂದರೆ ಅತ್ಯಾಚಾರದ ಭಯ. ಏಡ್ಸ್ ಮನೆಮನೆಗೂ ಹೊಕ್ಕ ವರ್ಷಗಳಲ್ಲಿ ಸಣ್ಣಗಾದವಳನ್ನು ನೋಡಿ ಜನ ಪಿಸುಗುಟ್ಟುತ್ತಿದ್ದರು, ಅದಕ್ಕೆ ಹೆದರಿಯೂ ದಪ್ಪಗೇ ಉಳಿದವರಿದ್ದರು.

ಹಸಿವಿನ ಮಾತು ಬಂದಾಗ ನಮ್ಮ ಮೈಸೂರು ನೆನಪಾಗುತ್ತದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1934ರಿಂದ ಹುಟ್ಟಿದ ಕೂಸುಗಳ ತೂಕವನ್ನು ಬರೆದಿಟ್ಟಿತ್ತು. ಆ ಕೂಸುಗಳನ್ನು ದಶಕಗಳ ಮೇಲೆ ಹುಡುಕಿ ತೆಗೆದು ನೋಡಿದಾಗ, ಕಡಿಮೆ ತೂಕಕ್ಕೆ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚಾಗಿ ಕಂಡಿತು. 1996ರಲ್ಲಿ ಅದು ಪ್ರಕಟವಾಯಿತು. ತಾಯಿಯ ಹೊಟ್ಟೆಯೊಳಗಿನ ಕೊರತೆಯನ್ನು ಮೈ ಐವತ್ತು ವರ್ಷವಾದರೂ ಮರೆಯುವುದಿಲ್ಲ. ಇನ್ನು ಆ ತಾಯಿ ಉಣ್ಣುವುದು ಯಾವಾಗ? ಎಲ್ಲರ ಊಟವಾದ ಮೇಲೆ. ಪಲ್ಯ ಖಾಲಿಯಾಗಿರುತ್ತದೆ, ಬೇಳೆ ಯಾರದೋ ತಟ್ಟೆಗೆ ಹೋಗಿರುತ್ತದೆ, ಉಳಿದದ್ದು ಅನ್ನ ಮತ್ತು ತಳದ ತಿಳಿಸಾರು. ಮಗು ಬಿಟ್ಟೆದ್ದ ಅರ್ಧ ದೋಸೆ, ರಾತ್ರಿಯ ತಂಗಳು ‘ಚೆಲ್ಲುವುದೇಕೆ’ ಎಂದು ಅವಳ ಹೊಟ್ಟೆಗೇ. ಹೀಗೆ ತಿಂದವಳು ದಪ್ಪಗೂ ಆಗುತ್ತಾಳೆ, ರಕ್ತಹೀನಳೂ ಆಗುತ್ತಾಳೆ. 2019-21ರ ಸಮೀಕ್ಷೆಯಲ್ಲಿ ನಮ್ಮ ದೇಶದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ತೂಕದ ಯಂತ್ರದ ಮೇಲೆ ನಿಂತ ಆ ದಪ್ಪನೆಯ ಹೆಂಗಸನ್ನು ನೋಡಿ ‘ಚೆನ್ನಾಗಿ ತಿಂದು ಕೂತಿದ್ದೀರಿ’ ಎನ್ನುವ ವೈದ್ಯರು ಒಮ್ಮೆ ಅವಳ ಕಣ್ಣರೆಪ್ಪೆ ಕೆಳಗೆ ಎಳೆದು ನೋಡಬಾರದೆ?

ಇನ್ನು ಕಾಲಿನ ಮಾತು. 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಜನರ ಜೇಬಿನ ಫೋನುಗಳು ಎಣಿಸಿದ ಹೆಜ್ಜೆಗಳನ್ನು ನೂರಕ್ಕೂ ಹೆಚ್ಚು ದೇಶಗಳಲ್ಲಿ, ಏಳು ಲಕ್ಷಕ್ಕೂ ಹೆಚ್ಚು ಜನರಲ್ಲಿ ನೋಡಿದ್ದರು. ಒಂದು ದೇಶದ ಜನ ಸರಾಸರಿ ಎಷ್ಟು ನಡೆಯುತ್ತಾರೆ ಎನ್ನುವುದಕ್ಕಿಂತ, ನಡೆಯುವವರಿಗೂ ನಡೆಯದವರಿಗೂ ಎಷ್ಟು ಅಂತರವಿದೆ ಎನ್ನುವುದು ಅಲ್ಲಿನ ಬೊಜ್ಜನ್ನು ಹೆಚ್ಚು ಸರಿಯಾಗಿ ತಿಳಿಸುತ್ತಿತ್ತು. ಅಂತರ ಹೆಚ್ಚಿರುವ ದೇಶಗಳಲ್ಲಿ ನಡಿಗೆ ಕಳೆದುಕೊಂಡವರು ಮುಖ್ಯವಾಗಿ ಹೆಂಗಸರು. ಸ್ವೀಡನ್ನಿನಲ್ಲಿ ಗಂಡು ಹೆಣ್ಣಿನ ಹೆಜ್ಜೆಗಳು ಸುಮಾರಾಗಿ ಸಮ, ಸೌದಿಯಲ್ಲಿ ಅಲ್ಲ. ನಡೆಯಲು ಅನುಕೂಲವಾದ ಊರುಗಳಲ್ಲಿ ಈ ಅಂತರ ಕಡಿಮೆಯಾಗುತ್ತದೆಂದೂ ಅವರು ಕಂಡರು.

ನಮ್ಮಲ್ಲಿ ಹೇಗೆ? ವಿಶ್ವ ಆರೋಗ್ಯ ಸಂಸ್ಥೆಯ 2022ರ ಅಂದಾಜಿನಂತೆ ಮೈಗೆ ಬೇಕಾದಷ್ಟು ಚಟುವಟಿಕೆಯಿಲ್ಲದವರು ಭಾರತದ ಗಂಡಸರಲ್ಲಿ ನೂರಕ್ಕೆ 42, ಹೆಂಗಸರಲ್ಲಿ 57. ದಿನವಿಡೀ ದುಡಿಯುವವಳಿಗೆ ಚಟುವಟಿಕೆಯಿಲ್ಲವೇ ಎಂದು ನನಗೂ ಸಿಟ್ಟು ಬಂದಿತ್ತು. 2024ರ ಸರಕಾರಿ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸಕ್ಕೆ ಹೆಂಗಸು ದಿನಕ್ಕೆ 289 ನಿಮಿಷ ಕೊಟ್ಟರೆ, ಮನೆಗೆಲಸ ಮಾಡುವ ಅಲ್ಪಸ್ವಲ್ಪ ಗಂಡಸರು ಕೊಟ್ಟದ್ದು 88. (2019ರಲ್ಲಿ 299 ಮತ್ತು 97 ಇತ್ತು. ಅವಳಿಗೆ ಹತ್ತು ನಿಮಿಷ ಕಡಿಮೆಯಾದ ಕೂಡಲೆ ಅವನೂ ಒಂಬತ್ತು ನಿಮಿಷ ಕಡಿಮೆ ಮಾಡಿಕೊಂಡ!) ಆದರೆ ಈ ಕೆಲಸ ಎಂಥದ್ದು? ಒಲೆಯ ಮುಂದೆ ನಿಲ್ಲುವುದು, ಸಿಂಕಿನ ಮುಂದೆ ನಿಲ್ಲುವುದು, ಹತ್ತಡಿ ಜಾಗದಲ್ಲಿ ಸುತ್ತುವುದು. ಸೊಂಟ ಸೋಲುತ್ತದೆ, ಉಸಿರು ಏರುವುದಿಲ್ಲ. ದಣಿವು ಬರುತ್ತದೆ, ವ್ಯಾಯಾಮವಾಗುವುದಿಲ್ಲ. ಐದು ಗಂಟೆ ಹೀಗೆ ಕಳೆದವಳಿಗೆ ‘ದಿನಾ ಅರ್ಧ ಗಂಟೆ ವಾಕಿಂಗ್ ಮಾಡಿ’ ಎಂದು ಚೀಟಿ ಬರೆದುಕೊಟ್ಟರೆ, ಆ ಅರ್ಧ ಗಂಟೆಯನ್ನು ಯಾವ ಔಷಧಿ ಅಂಗಡಿಯಲ್ಲಿ ಕೊಳ್ಳಬೇಕು?

ಹೊರಟಳೆನ್ನಿ. ಬೆಳಗಿನ ಐದೂವರೆಗೆ ಪಾರ್ಕು ಗಂಡಸರದು. ಅವರ ಹೆಂಡತಿಯರು ಆಗ ತಿಂಡಿ ಮಾಡುತ್ತಿರುತ್ತಾರೆ. ಸಂಜೆ ಏಳಕ್ಕೆ ಹೊರಟರೆ ದೀಪವಿಲ್ಲ, ಫುಟ್‌ಪಾತಿನ ಮೇಲೆ ಬೈಕು ನಿಂತಿವೆ, ಮೂಲೆಯಲ್ಲಿ ನಾಯಿಗಳು. ಎದುರು ಮನೆಯವರು ಕೇಳುತ್ತಾರೆ, “ಏನ್ರೀ, ಇಷ್ಟು ಹೊತ್ತಿಗೆ ಎಲ್ಲಿಗೆ ಹೊರಟಿರಿ?” ತರಕಾರಿಗೆ ಎಂದರೆ ಸರಿ, ದೇವಸ್ಥಾನಕ್ಕೆ ಎಂದರೆ ಇನ್ನೂ ಸರಿ. ‘ಸುಮ್ಮನೆ’ ಎಂಬ ಉತ್ತರ ಹೆಂಗಸಿಗಿಲ್ಲ. ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ ಎಂದು ಗಾದೆ ಕಟ್ಟಿದರಲ್ಲ, ಆ ಮೊಣಕಾಲ ಕೆಳಗಿನದನ್ನಾದರೂ ಓಡಾಡಲು ಬಿಟ್ಟಿದ್ದರೆ ಆಗುತ್ತಿತ್ತು. 2023ರ ಜೂನಿನಲ್ಲಿ ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಬಸ್ಸು ಉಚಿತವಾದಾಗ ಎಷ್ಟು ಹಾಸ್ಯ, ಎಷ್ಟು ವ್ಯಂಗ್ಯಚಿತ್ರ! ‘ಹೆಂಗಸರು ಸುಮ್ಮಸುಮ್ಮನೆ ತಿರುಗುತ್ತಿದ್ದಾರೆ’ ಎಂಬುದೇ ದೊಡ್ಡ ದೂರು. ತಿರುಗಲಿ ಬಿಡಿ. ಬಸ್‌ಸ್ಟಾಪಿನ ತನಕವಾದರೂ ನಡೆದರಲ್ಲ.

ಇಲ್ಲಿ ಒಂದು ಆಕ್ಷೇಪವಿದೆ, ಅದನ್ನು ಮುಚ್ಚಿಡಲಾರೆ. ನಮ್ಮ ದೇಶದಲ್ಲಿ ದಪ್ಪಗಿರುವವಳು ಓದಿದವಳು, ಪಟ್ಟಣದವಳು, ಕೈಯಲ್ಲಿ ಫೋನಿರುವವಳು, ಸಣ್ಣಗಿರುವವಳು ಕೂಲಿಯವಳು. ಹಾಗಾದರೆ ಸಬಲೀಕರಣವೇ ಬೊಜ್ಜು ತಂತಲ್ಲ? ಇಲ್ಲ. ಕೂಲಿಯವಳನ್ನು ಸಣ್ಣಗಿಟ್ಟಿರುವುದು ಸ್ವಾತಂತ್ರ್ಯವಲ್ಲ, ಹಸಿವು. ಪಟ್ಟಣದವಳಿಗೆ ಸಿಕ್ಕಿರುವುದು ಫ್ರಿಜ್ಜು, ಬೇಕರಿ, ಟೀವಿ. ಸಿಗದಿರುವುದು ಸಮಯ, ಬೀದಿ, ಮೈದಾನ. ಅವಳ ಗಂಡನಿಗೂ ಬೇಕರಿ ಸಿಕ್ಕಿದೆ, ನಮ್ಮ ಗಂಡಸರಲ್ಲೂ ಅತಿತೂಕದವರು ಹೆಂಗಸರಷ್ಟೇ ಇದ್ದಾರೆನ್ನಬಹುದು. ಆದರೆ ಅದರ ಮುಂದಿನ ಮೆಟ್ಟಿಲಾದ ಬೊಜ್ಜಿಗೆ ಬಂದರೆ 2022ರಲ್ಲಿ ಗಂಡಸರು ನೂರಕ್ಕೆ 5.4, ಹೆಂಗಸರು 9.8. ಬ್ರೆಜಿಲ್ ಇದೇ ದಾರಿಯಲ್ಲಿ ನಮಗಿಂತ ಮುಂದೆ ಹೋದ ದೇಶ. ಅಲ್ಲಿ ಮೊದಲು ದಪ್ಪಗಾದವರು ಉಳ್ಳವರ ಮನೆಯ ಹೆಂಗಸರು. ಕಾಲ ಕಳೆದಂತೆ ಓದಿದ ಹೆಂಗಸರು ಅದರಿಂದ ಹೊರಬಂದರು, ಬೊಜ್ಜು ಬಡ ಹೆಂಗಸರ ಪಾಲಾಯಿತು. ನಮ್ಮ ಕೂಲಿಯವಳ ಮೊಮ್ಮಗಳಿಗೆ ಏನು ಕಾದಿದೆಯೆಂದು ಊಹಿಸಲು ಪಂಡಿತರು ಬೇಕಿಲ್ಲ.

ಹಾಗೆಂದು ಸಣ್ಣಗಿರುವವಳೆಲ್ಲ ಸ್ವತಂತ್ರಳು ಎಂದು ನಾನು ಹೇಳುತ್ತಿಲ್ಲ. ಜಪಾನಿನಲ್ಲಿ ಬೊಜ್ಜಿನ ಹೆಂಗಸರು ನೂರಕ್ಕೆ ಐದಕ್ಕೂ ಕಡಿಮೆ, ಗಂಡಸರೇ ಹೆಚ್ಚು. ಆದರೆ ಗಂಡು ಹೆಣ್ಣಿನ ಸಮಾನತೆಯ ಜಾಗತಿಕ ಪಟ್ಟಿಯಲ್ಲಿ 2024ರಲ್ಲಿ ಅದರ ಸ್ಥಾನ 146 ದೇಶಗಳಲ್ಲಿ 118. ಅಲ್ಲಿ ರೈಲಿದೆ, ನಡೆಯುವ ಬೀದಿಯಿದೆ, ಮೀನು-ಸೊಪ್ಪಿನ ಊಟವಿದೆ. ಜೊತೆಗೆ ಕನ್ನಡಿಯ ಭಯವೂ ಇದೆ: ಇಪ್ಪತ್ತರ ಹರೆಯದ ಐವರು ಹುಡುಗಿಯರಲ್ಲಿ ಒಬ್ಬಳ ತೂಕ ಇರಬೇಕಾದದ್ದಕ್ಕಿಂತ ಕಡಿಮೆ. ಅದೂ ಕಟ್ಟೇ, ಹಗ್ಗ ಬೇರೆ. 1996ರಲ್ಲಿ ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆಸಿ ಸೊಂಟದ ಅಳತೆಯನ್ನೇ ಹೆಣ್ಣಿನ ಪ್ರಗತಿಯೆಂದು ನಮಗೆ ಮಾರಲು ಬಂದಿದ್ದರು, ನೆನಪಿದೆಯಲ್ಲ? ನಮ್ಮ ಎಷ್ಟೋ ಮಹಿಳಾ ಸಂಘಟನೆಗಳು ಆಗ ಬೀದಿಗಿಳಿದಿದ್ದವು. ಈಗ ‘ಮೂವತ್ತು ದಿನದಲ್ಲಿ ಹತ್ತು ಕಿಲೋ’ ಎನ್ನುವ ಪುಡಿ ಡಬ್ಬಗಳು ಅದೇ ವ್ಯಾಪಾರವನ್ನು ಮನೆಬಾಗಿಲಿಗೆ ತಂದಿವೆ. ಕಟ್ಟಿಹಾಕಿ ದಪ್ಪ ಮಾಡಿದವರೇ ದಪ್ಪಗಾದದ್ದಕ್ಕೆ ದಂಡ ಕಟ್ಟು ಎನ್ನುವ ಪರಿ ಇದು.

ಆದ್ದರಿಂದ ನಾನು ಇಲ್ಲಿ ಪಥ್ಯ ಬರೆಯುವುದಿಲ್ಲ. ಬೇಕಾದ್ದನ್ನು ಬೇಕಾದವರಲ್ಲಿ ಕೇಳಬೇಕು. ಪುರಸಭೆಯಲ್ಲಿ ಬೀದಿದೀಪ ಕೇಳಬೇಕು, ಬಿಡಿಸಿದ ಫುಟ್‌ಪಾತು ಕೇಳಬೇಕು. ಮನೆಯಲ್ಲಿ, ಆ 289 ನಿಮಿಷಗಳಲ್ಲಿ ಅರವತ್ತನ್ನಾದರೂ ಇನ್ನೊಬ್ಬರು ಹೊರಲಿ ಎಂದು ಕೇಳಬೇಕು. ಅದರಲ್ಲೂ ಮೊದಲು ಕೇಳಬೇಕಾದದ್ದು ಹೈಸ್ಕೂಲಿನಲ್ಲಿ. 2006-07ರಲ್ಲಿ ನಮ್ಮ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದಾಗ ಹಳ್ಳಿಯ ರಸ್ತೆಗಳಲ್ಲಿ ಎರಡು ಜಡೆಯ ಹುಡುಗಿಯರು ಸಾಲುಸಾಲಾಗಿ ಪೆಡಲ್ ತುಳಿದು ಹೋಗುವುದನ್ನು ನಾವೆಲ್ಲ ಕಣ್ತುಂಬ ನೋಡಿದೆವು. ಯಾವ ಧರ್ಮಗುರುವೂ ಇಲ್ಲಿ ಅಡ್ಡ ಬರಲಿಲ್ಲ. ಆದರೆ ಅದೇ ಹುಡುಗಿ ಮೈನೆರೆದ ಮೇಲೆ ಪಿ.ಟಿ. ಪಿರಿಯಡ್ಡಿನಲ್ಲಿ ಮರದ ನೆರಳಲ್ಲಿ ಬ್ಯಾಗು ಕಾಯುತ್ತಾ ಕೂರುತ್ತಾಳೆ. ಹತ್ತನೆಯ ತರಗತಿಗೆ ಬಂದರೆ ಆ ಪಿರಿಯಡ್ಡನ್ನು ಗಣಿತದ ಮೇಷ್ಟರು ತೆಗೆದುಕೊಂಡಿರುತ್ತಾರೆ, ನಾವೂ ಸಂತೋಷಪಡುತ್ತೇವೆ. ಮುಂದಿನ ಪೋಷಕರ ಸಭೆಗೆ ಹೋದಾಗ ಅಂಕಪಟ್ಟಿ ಬಿಡಿಸುವ ಮೊದಲು ವೇಳಾಪಟ್ಟಿ ತರಿಸಿ. ವಾರಕ್ಕೆ ಎಷ್ಟು ಆಟದ ಪಿರಿಯಡ್ಡಿದೆ, ಹುಡುಗಿಯರು ಬಟ್ಟೆ ಬದಲಿಸಲು ಚಿಲಕವಿರುವ ಕೋಣೆಯಿದೆಯೆ, ಕಳೆದ ತಿಂಗಳು ಎಷ್ಟು ಹುಡುಗಿಯರು ಮೈದಾನಕ್ಕೆ ಇಳಿದರು ಎಂದು ಕೇಳಿ. ಉತ್ತರವನ್ನು ಬರೆದುಕೊಳ್ಳಿ, ಆರು ತಿಂಗಳು ಬಿಟ್ಟು ಮತ್ತೆ ಕೇಳಿ.